ಬೆನ್ನ ಹಿಂದಿನ ದನಿ

ಆ ತಂಡದ ಆಟ ನೋಡಲು ಮೊದಲ ಸಲ ಬಂದವರು ಚೆಂಡಿಗಿಂತ ಮುಂಚೆ ಗಮನಿಸುತ್ತಿದ್ದದ್ದು ಒಂದು ಗಂಟಲನ್ನು. ಟಿಕೆಟ್ ತೋರಿಸಿ, ಮೆಟ್ಟಿಲು ಹತ್ತಿ, ತಮ್ಮ ಕುರ್ಚಿ ಹುಡುಕುವಷ್ಟರಲ್ಲೇ ಅದು ಕೆಳಗಿನಿಂದ ಕೇಳಿಬರುತ್ತಿತ್ತು: "ಎಡ ಕಂಬ. ಎಡ ಕಂಬ. ಬದಲು. ಬಂದ್ಲು ಬಂದ್ಲು, ಕೈ ಎತ್ತು." ಯಾರೋ ಮೈಕ್ ಹಿಡಿದಿದ್ದಾರೆಂದು ಕೆಲವರು ಸುತ್ತಮುತ್ತ ನೋಡುತ್ತಿದ್ದರು. ಮೈಕ್ ಇರಲಿಲ್ಲ. ಬುಟ್ಟಿಯ ಕೆಳಗೆ, ಮೊಣಕಾಲು ಅರೆ ಮಡಿಸಿ, ಎರಡೂ ಕೈ ಅಗಲಿಸಿ ನಿಂತ ಎತ್ತರದ ಹೆಂಗಸೊಬ್ಬಳಿದ್ದಳು. ಪ್ರೇಕ್ಷಕರು ಅವಳಿಗೆ ಇಟ್ಟ ಹೆಸರು ನಗಾರಿ. ಜೊತೆಯಲ್ಲಿ ಆಡುವವರಿಗೆ ಅವಳು ಅಕ್ಕ.

ಅವಳ ಕೆಲಸ ಏನೆಂದು ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದವರಿಗೂ ಹೇಳಿಬಿಡಬಹುದು. ಚೆಂಡು ಹಿಡಿದು ಬರುವ ಎದುರಾಳಿಯನ್ನು ತಡೆಯುವವಳು ಆ ಚೆಂಡಿನಿಂದ ಕಣ್ಣು ಕೀಳುವಂತಿಲ್ಲ. ಅದೇ ಹೊತ್ತಿಗೆ ಎದುರಿನ ತಂಡದ ಇನ್ನೊಬ್ಬಳು ಸದ್ದಿಲ್ಲದೆ ಬಂದು, ತಡೆಯುವವಳ ಬೆನ್ನ ಹಿಂದೆ ಅಲುಗಾಡದೆ ನಿಂತುಬಿಡುತ್ತಾಳೆ. ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ತಡೆಯುವವಳು ಒಂದು ಹೆಜ್ಜೆ ಸರಿದರೆ ಅವಳಿಗೆ ಡಿಕ್ಕಿ ಹೊಡೆಯುತ್ತಾಳೆ, ಅಷ್ಟರಲ್ಲಿ ಚೆಂಡು ಹಿಡಿದವಳು ಪಾರು. ಹಾಗೆ ಬಂದು ನಿಲ್ಲುವವಳನ್ನೇ ಈ ತಂಡದವರು ಕಂಬ ಎನ್ನುತ್ತಿದ್ದದ್ದು. ಬದಲು ಎಂದರೆ ತಡೆಯುವ ಇಬ್ಬರು ತಮ್ಮ ಎದುರಾಳಿಗಳನ್ನು ಅದಲು ಬದಲು ಮಾಡಿಕೊಳ್ಳಬೇಕು. ಕಂಬ ಯಾವ ಕಡೆಯಿಂದ ಬರುತ್ತಿದೆ ಎನ್ನುವುದು ಎಲ್ಲರಿಗಿಂತ ಹಿಂದೆ, ಬುಟ್ಟಿಯ ಕೆಳಗೆ ನಿಂತವಳಿಗೆ ಮಾತ್ರ ಕಾಣುತ್ತದೆ. ಅವಳು ಕಂಡದ್ದನ್ನು ಕಂಡ ಗಳಿಗೆಯಲ್ಲೇ ಕೂಗಿ ಹೇಳಬೇಕು. ನಗಾರಿ ಹೇಳುತ್ತಿದ್ದಳು. ಮುಂದಿದ್ದ ನಾಲ್ವರೂ ತಿರುಗಿ ನೋಡದೆ, ಆ ದನಿ ಹೇಳಿದ ಕಡೆಯ ಕಂಬ ತಪ್ಪುವ ಹಾಗೆ ಮೈ ವಾಲಿಸುತ್ತಿದ್ದರು.

ತಂಡಕ್ಕೆ ಅನ್ನ ಹಾಕುತ್ತಿದ್ದದ್ದು ಇದೇ. ಅಂಕ ಗಳಿಸುವುದರಲ್ಲಿ ಅದು ಲೀಗಿನ ಕೊನೆಯ ತಂಡಗಳ ಸಾಲಿನಲ್ಲಿತ್ತು. ಆದರೂ ವರ್ಷ ವರ್ಷ ಸೋಲಿಗಿಂತ ಗೆಲುವೇ ಹೆಚ್ಚು, ಏಕೆಂದರೆ ಅದರ ಎದುರು ಆಡಲು ಬಂದವರು ಅದಕ್ಕಿಂತಲೂ ಕಡಿಮೆ ಗಳಿಸಿ ಮನೆಗೆ ಹೋಗುತ್ತಿದ್ದರು. "ನಮ್ಮದು ಹೊಟ್ಟೆ ತುಂಬ ಉಣ್ಣೋ ತಂಡ ಅಲ್ಲಪ್ಪ, ಎದುರಿನವರ ತಟ್ಟೆ ಕಿತ್ಕೊಳ್ಳೋ ತಂಡ" ಎಂದು ಕೋಚ್ ಪತ್ರಕರ್ತರಿಗೆ ಹೇಳುತ್ತಿದ್ದರು. ಪತ್ರಕರ್ತರು ಅದನ್ನು ಬರೆದುಕೊಂಡು, ಮರುದಿನ ಚೆಂಡು ಹಾಕಿದವರ ಫೋಟೊ ಹಾಕುತ್ತಿದ್ದರು.

ಆ ಗಂಟಲು ಕೈಕೊಟ್ಟದ್ದು ಸೀಸನ್ನಿನ ನಡುವೆ. ಮೊದಮೊದಲು ಬೆಳಗ್ಗೆ ಮಾತ್ರ ಒಡಕು ದನಿ. ಆಮೇಲೆ ಮಧ್ಯಾಹ್ನವೂ. ಒಂದು ಪಂದ್ಯದಲ್ಲಿ "ಬದಲು" ಎಂದು ಕೂಗಲು ಹೋಗಿ ಗಾಳಿ ಮಾತ್ರ ಹೊರಬಂತು.

ಗಂಟಲಿನ ಡಾಕ್ಟರು ಮೂಗಿನಿಂದ ತೆಳುವಾದ ನಳಿಕೆ ಇಳಿಸಿ, ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ ಎರಡು ಬಿಳಿಯ ಪಟ್ಟಿಗಳು. ಒಂದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಗಂಟು.

"ಏನು ಕೆಲಸ ಮಾಡ್ತೀರಿ?" ಎಂದರು ಡಾಕ್ಟರು.

"ಬ್ಯಾಸ್ಕೆಟ್‌ಬಾಲ್ ಆಡ್ತೀನಿ."

"ಅದಕ್ಕೆ ಗಂಟಲು ಯಾಕೆ ಬೇಕು?"

ಪಕ್ಕದಲ್ಲಿ ಕೂತಿದ್ದ ಗಂಡ ಲಿಫ್ಟ್ ಮೆಕ್ಯಾನಿಕ್. ಕೆಲಸದ ನಡುವೆ ಬಂದಿದ್ದರಿಂದ ಅವನ ಕೈಯ ಗ್ರೀಸು ಇನ್ನೂ ಹೋಗಿರಲಿಲ್ಲ. "ಇವಳು ಆಡೋದೇ ಅದರಲ್ಲಿ, ಡಾಕ್ಟ್ರೇ" ಎಂದ.

ಡಾಕ್ಟರು ನಗಲಿಲ್ಲ. ಗಂಟು ತೆಗೆಯಬಹುದು ಎಂದರು. ಅದಾದ ಮೇಲೆ ಎರಡು ವಾರ ಒಂದೂ ಮಾತಾಡಬಾರದು. ಪಿಸುಗುಟ್ಟಲೂಬಾರದು, ಅದು ಇನ್ನೂ ಕೆಟ್ಟದ್ದು. ಆಮೇಲೆ ಮೆಲ್ಲಗೆ ಮಾತು ಶುರು ಮಾಡಬಹುದು, ಓಡಬಹುದು, ಆಡಬಹುದು. "ಆದರೆ ಈ ಸೀಸನ್ ಪೂರ್ತಿ ಕೂಗೋ ಹಾಗಿಲ್ಲ."

"ಕೂಗಿದರೆ?" ಎಂದಳು ನಗಾರಿ.

"ಗಂಟು ಮತ್ತೆ ಬರುತ್ತೆ. ಎರಡನೇ ಸಲ ಕತ್ತರಿಸಿದರೆ ಗಾಯದ ಕಲೆ ಉಳಿಯುತ್ತೆ. ಆಮೇಲೆ ಈ ದನಿ ನಿಮಗೆ ವಾಪಸ್ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ."

ಮಾತಿಲ್ಲದ ಆ ಎರಡು ವಾರ ಮೂರನೇ ಮಹಡಿಯ ಆ ಮನೆ ಬೇರೆಯೇ ಮನೆಯಾಗಿತ್ತು. ನಗಾರಿ ಚಪ್ಪಾಳೆ ತಟ್ಟಿ ಕೆಲಸ ನಡೆಸುತ್ತಿದ್ದಳು. ಒಂದು ತಟ್ಟಿದರೆ ಬಾ, ಎರಡು ತಟ್ಟಿದರೆ ಬೇಡ. ಒಂದನೇ ತರಗತಿಯ ಮಗಳು ಪುಟ್ಟಿಗೆ ಒಂದು ಚಪ್ಪಾಳೆ ಚೆನ್ನಾಗಿ ಕೇಳಿಸುತ್ತಿತ್ತು, ಎರಡು ಕೇಳಿಸುತ್ತಲೇ ಇರಲಿಲ್ಲ.

ಅತ್ತೆಗೆ ಮೊದಲ ದಿನ ಖುಷಿಯೋ ಖುಷಿ. ಫೋನಿನಲ್ಲಿ ತನ್ನ ತಂಗಿಗೆ, ಸೊಸೆಗೂ ಕೇಳಿಸಲಿ ಎಂದೇ ಜೋರಾಗಿ ಹೇಳಿದರು: "ಸೊಸೆ ಎದುರು ಮಾತಾಡದ ಮನೆ ಅಂತ ಕಥೇಲಿ ಕೇಳಿದ್ದೆ ಕಣೇ. ಈಗ ನಮ್ಮನೇಲೇ ನಡೀತಿದೆ." ನಾಲ್ಕನೇ ದಿನಕ್ಕೆ ಆ ಉತ್ಸಾಹ ಇಳಿಯಿತು. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ತಾವೇ ಹೇಳಿ, ಇಲ್ಲ ಸರಿಯಾಗಿದೆ ಎಂದು ತಾವೇ ಉತ್ತರ ಕೊಟ್ಟು, ಕೊನೆಗೆ ಸೌಟು ಕೆಳಗಿಟ್ಟರು. "ಒಬ್ಬಳೇ ಎಷ್ಟು ಅಂತ ಜಗಳ ಆಡಲಿ" ಎಂದರು. ಆಮೇಲೆ ಸೊಸೆಗೆ ಬಿಸಿನೀರು ಕಾಯಿಸಿ ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಎದುರೇ ಕೂತರು.

ಒಂದು ಮಧ್ಯಾಹ್ನ ನಗಾರಿ ಬಟ್ಟೆ ಮಡಚುತ್ತಿದ್ದಾಗ ಒಳಗಿನ ಕೋಣೆಯಿಂದ ತನ್ನದೇ ದನಿ ಕೇಳಿಸಿತು. "ಎಡ ಕಂಬ. ಬದಲು. ಕೈ ಎತ್ತು, ಕೈ ಎತ್ತು." ಬಾಗಿಲಲ್ಲಿ ನಿಂತು ನೋಡಿದಳು. ಪುಟ್ಟಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಪ್ಪನ ಹಳೆಯ ಫೋನು ದಿಂಬಿನ ಮೇಲೆ, ಕಿವಿಗೆ ಒತ್ತಿದಂತೆ. ಅದರಲ್ಲಿ ಯಾವುದೋ ಹಿಂದಿನ ಪಂದ್ಯದ ವಿಡಿಯೊ ಓಡುತ್ತಿತ್ತು. ಪರದೆ ಹಾಸಿಗೆಯ ಕಡೆಗಿತ್ತು. ಮಗು ಆಟ ನೋಡುತ್ತಿರಲಿಲ್ಲ.

ನಗಾರಿ ಪಕ್ಕದಲ್ಲಿ ಕೂತಾಗ ಪುಟ್ಟಿ ತಿರುಗದೆಯೇ ಕೇಳಿದಳು: "ಅಮ್ಮಾ, ಆಪರೇಷನ್ ಮಾಡಿ ತೆಗೆದ್ರಲ್ಲ, ಅದರ ಜೊತೆ ಇದೂ ಹೋಯ್ತಾ?"

ನಗಾರಿ ಎರಡು ಸಲ ಚಪ್ಪಾಳೆ ತಟ್ಟಿದಳು. ಈ ಸಲ ಅದು ಪುಟ್ಟಿಗೆ ಕೇಳಿಸಿತು. ಆದರೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಏನೇ ಆದರೂ ಕೂಗುವುದಿಲ್ಲ ಎಂದು ನಗಾರಿ ತನಗೆ ತಾನೇ ಹೇಳಿಕೊಂಡದ್ದು ಆವತ್ತು.

ಇತ್ತ ತಂಡ ಸೋಲುತ್ತಿತ್ತು. ಕೋಚ್ ಹಿಂದೆ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ಅವರು ಹುಡುಗಿಯರ ಎದುರು ಹಲಗೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ನಾವು ಗಳಿಸಿದ್ದು ನಗಾರಿ ಇದ್ದಾಗ ಎಷ್ಟೋ ಈಗಲೂ ಅಷ್ಟೇ, ಆ ಗೆರೆ ಅಲುಗಾಡಿಲ್ಲ. ಎದುರಿನವರು ಗಳಿಸಿದ ಗೆರೆ ಮಾತ್ರ ಮೆಟ್ಟಿಲು ಹತ್ತುತ್ತಿದೆ. "ಹಾಕೋದರಲ್ಲಿ ನೀವೇನೂ ಕಮ್ಮಿ ಆಗಿಲ್ಲ" ಎಂದರು. "ಮನೆ ಬಾಗಿಲು ತೆಗೆದಿಟ್ಟು ಆಡ್ತಿದೀರಿ, ಅಷ್ಟೇ." ತಂಡ ಪಟ್ಟಿಯಲ್ಲಿ ಜಾರಿ ಜಾರಿ ಕೊನೆಯ ಎರಡು ಸ್ಥಾನಗಳಿಗೆ ಬಂದಿತ್ತು. ಕೊನೆಯ ಸ್ಥಾನದವರು ಮುಂದಿನ ವರ್ಷ ಕೆಳಗಿನ ದರ್ಜೆಯಲ್ಲಿ ಆಡಬೇಕು. ಹಾಗೆ ಇಳಿದ ತಂಡಗಳಲ್ಲಿ ಅರ್ಧದಷ್ಟು ಮೇಲೆ ಬಂದದ್ದಿಲ್ಲ, ಮುಚ್ಚಿಹೋದವು.

ಡಾಕ್ಟರು ಒಪ್ಪಿದ ದಿನವೇ ನಗಾರಿ ಅಂಗಳಕ್ಕೆ ಇಳಿದಳು. ಈಗ ಮೆಲ್ಲಗೆ ಮಾತಾಡಬಲ್ಲವಳಾಗಿದ್ದಳು. ಬಟ್ಟೆಯಲ್ಲಿ ಸುತ್ತಿದ ಗಾಜಿನ ಲೋಟದಂಥ ಸಣ್ಣ ದನಿ, ಪಕ್ಕದಲ್ಲಿದ್ದವರಿಗೆ ಮಾತ್ರ. ಕೋಚ್ ಅವಳನ್ನು ಬುಟ್ಟಿಯ ಕೆಳಗೆ ಹಳೆಯ ಜಾಗದಲ್ಲೇ ನಿಲ್ಲಿಸಿದರು. ಕೂಗುವ ಬದಲು ಚಪ್ಪಾಳೆ ತಟ್ಟುವುದು ಎಂದು ಒಪ್ಪಂದವಾಯಿತು. ಎಡಕ್ಕೆ ಒಂದು, ಬಲಕ್ಕೆ ಎರಡು. ಅಭ್ಯಾಸದ ಖಾಲಿ ಹಾಲ್‌ನಲ್ಲಿ ಅದು ಚೆನ್ನಾಗಿಯೇ ನಡೆಯಿತು. ಪಂದ್ಯದ ದಿನ ಸಾವಿರಾರು ಜನ ಚಪ್ಪಾಳೆ ತಟ್ಟುತ್ತಾರೆ ಎನ್ನುವುದು ಯಾರ ತಲೆಗೂ ಹೋಗಿರಲಿಲ್ಲ.

ಆ ಪಂದ್ಯದಲ್ಲಿ ನಗಾರಿಗೆ ಎಲ್ಲವೂ ಕಾಣುತ್ತಿತ್ತು. ಎದುರಾಳಿಯ ದಪ್ಪ ಭುಜದ ಹುಡುಗಿ ಬಲಗಡೆಯಿಂದ ಬಂದು ಕ್ಯಾಪ್ಟನ್‌ನ ಹಿಂದೆ ನಿಂತದ್ದೂ ಕಂಡಿತು. ಕ್ಯಾಪ್ಟನ್ ತಂಡದಲ್ಲೆಲ್ಲ ಗಿಡ್ಡ, ಚುರುಕು. ಅವಳನ್ನು ಎಲ್ಲರೂ ಮೆಣಸು ಎನ್ನುತ್ತಿದ್ದರು. ನಗಾರಿ ಅಂಗೈ ಉರಿಯುವ ಹಾಗೆ ಎರಡು ಸಲ ತಟ್ಟಿದಳು. ಪ್ರೇಕ್ಷಕರ ಚಪ್ಪಾಳೆಯಲ್ಲಿ ಅದು ಮುಳುಗಿತು, ಮೆಣಸು ಪೂರ್ತಿ ವೇಗದಲ್ಲಿ ಬಲಕ್ಕೆ ತಿರುಗಿದಳು. ಗಲ್ಲ ನೇರ ಆ ಭುಜಕ್ಕೆ ಬಡಿಯಿತು.

ನಾಲ್ಕು ಹೊಲಿಗೆ ಬಿದ್ದವು. ಪಂದ್ಯವೂ ಹೋಯಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೆಣಸು ಗಲ್ಲಕ್ಕೆ ಐಸಿನ ಚೀಲ ಒತ್ತಿಕೊಂಡು ಬೆಂಚಿನ ಮೇಲೆ ಮಲಗಿದ್ದಳು. ನಗಾರಿ ನೆಲದ ಮೇಲೆ ಅವಳ ತಲೆಯ ಹತ್ತಿರ ಕೂತಳು.

"ನೀನು ಕೂಗ್ತೀಯ ಅಂತ ಕಾಯ್ತಾ ಇದ್ದೆ ಅಕ್ಕ" ಎಂದಳು ಮೆಣಸು. ಗಲ್ಲ ಅಲುಗಿಸದೆ ಮಾತಾಡಬೇಕಿದ್ದರಿಂದ ಮಾತು ತೊದಲುತ್ತಿತ್ತು. "ನೀನು ಕೂಗಲ್ಲ ಅಂತ ಗೊತ್ತು. ತಲೆಗೆ ಗೊತ್ತು. ಕಾಲಿಗೆ ಗೊತ್ತಿಲ್ಲ."

ನಗಾರಿಗೆ ಅದು ನಾಟಿತು. ಇಷ್ಟು ವರ್ಷ ಇವರು ಯಾರೂ ತಿರುಗಿ ನೋಡಿರಲಿಲ್ಲ, ನೋಡುವ ಅಗತ್ಯವನ್ನೇ ಅವಳು ಉಳಿಸಿರಲಿಲ್ಲ. ಅದೇ ಅವಳ ಹೆಮ್ಮೆಯಾಗಿತ್ತು. ಈಗ ನೋಡಿದರೆ ತನ್ನ ದನಿಯಿಂದ ಇವರೆಲ್ಲರ ಬೆನ್ನಿನ ಕಣ್ಣು ತೆಗೆಸಿಬಿಟ್ಟಿದ್ದೇನೆ ಎನಿಸಿತು. ಮೆಣಸಿನ ಬೆವರಿದ ಕೂದಲನ್ನು ಹಿಂದಕ್ಕೆ ಸರಿಸಿ, "ಇನ್ನೊಬ್ಬರು ಕೂಗ್ಬೇಕು" ಎಂದಳು.

"ಯಾರು? ಕೊಕ್ಕರೆನಾ?" ಮೆಣಸು ನಗಲು ಹೋಗಿ ನೋವಿಗೆ ಮುಖ ಕಿವಿಚಿದಳು. "ಅಕ್ಕ, ಹೊಲಿಗೆ ಬಿಚ್ಚಿಸ್ಬೇಡ."

ಕೊಕ್ಕರೆ ಆ ವರ್ಷ ಸೇರಿದವಳು. ತಂಡದಲ್ಲಿ ನಗಾರಿಯನ್ನೂ ಮೀರಿಸಿದ ಎತ್ತರ, ಕಡ್ಡಿಯಂಥ ಕಾಲು, ಒಳ್ಳೆಯ ಕಣ್ಣು. ಆಟವನ್ನು ಓದಬಲ್ಲಳು. ಏನು ಕಂಡೆ ಎಂದು ಆಮೇಲೆ ಕೇಳಿದರೆ ಒಂದನ್ನೂ ಬಿಡದೆ ಹೇಳುತ್ತಿದ್ದಳು. ಆಮೇಲೆ, ಅಷ್ಟೇ. ಅಜ್ಜ, ದೊಡ್ಡಪ್ಪ, ಅತ್ತೆಯಂದಿರು ತುಂಬಿದ ಮನೆಯ ಕಡೇ ಮಗಳು ಅವಳು. ದೊಡ್ಡವರು ಮಾತು ನಿಲ್ಲಿಸಿದ ಮೇಲೆಯೇ ಬಾಯಿ ತೆರೆದು ಬೆಳೆದವಳು. ಮೊದಲ ಅಭ್ಯಾಸದಲ್ಲಿ ಬುಟ್ಟಿಯ ಕೆಳಗೆ ನಿಂತು ಅವಳು ಹೇಳಿದ್ದು ತಂಡದಲ್ಲಿ ಇನ್ನೂ ನಗೆಯ ವಿಷಯ: "ಅಕ್ಕಾ, ನಿಮ್ಮ ಎಡಗಡೆ ಯಾರೋ ಬರ್ತಿರೋ ಹಾಗಿದೆ, ಸ್ವಲ್ಪ ನೋಡ್ಕೊಳ್ತೀರಾ." ವಾಕ್ಯ ಮುಗಿಯುವಷ್ಟರಲ್ಲಿ ಚೆಂಡು ಬುಟ್ಟಿಯಿಂದ ಬಿದ್ದು ಉರುಳುತ್ತಿತ್ತು.

ಕೋಚ್‌ಗೂ ಬೇರೆ ದಾರಿಯಿರಲಿಲ್ಲ. ಕೊಕ್ಕರೆಯನ್ನು ಹಿಂದೆ ನಿಲ್ಲಿಸಿ, ನಗಾರಿಯನ್ನು ಮುಂದೆ ತಂದರು. ಎದುರಾಳಿಯ ಅತ್ಯುತ್ತಮ ಆಟಗಾರ್ತಿಯನ್ನು ನಗಾರಿ ತಡೆಯಬೇಕು, ಕೊಕ್ಕರೆ ಕೂಗಬೇಕು. ಒಂದು ವಾರ ಕೊಕ್ಕರೆ ಕೂಗಲು ಬಾಯಿ ತೆರೆದಳು, ತೆರೆದೇ ಇದ್ದಳು. "ಬಾಯಲ್ಲಿ ನೊಣ ಹೋಗುತ್ತೆ ಕಣಮ್ಮ, ಒಂದೋ ಕೂಗು, ಇಲ್ಲ ಮುಚ್ಚು" ಎಂದರು ಕೋಚ್. ಅವಳು "ಸಾರಿ ಸರ್" ಎಂದಳು. ಅದೂ ಕೇಳಿಸಲಿಲ್ಲ.

ಒಂದು ಸಂಜೆ ನಗಾರಿ ಅವಳನ್ನು ಮನೆಗೆ ಕರೆದುಕೊಂಡು ಹೋದಳು, ಹಳೆಯ ಪಂದ್ಯಗಳ ವಿಡಿಯೊ ತೋರಿಸಲು. ಅತ್ತೆ ಒಲೆಯ ಮೇಲೆ ಹಾಲಿಟ್ಟು, ಒಲೆಗೆ ಬೆನ್ನು ತಿರುಗಿಸಿ, ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಬೀನ್ಸ್ ಹೆಚ್ಚುತ್ತಿದ್ದರು. ನೀರು ಕೇಳಲೆಂದು ಕೊಕ್ಕರೆ ಅಡುಗೆಮನೆಯ ಬಾಗಿಲಿಗೆ ಹೋದಳು. ನಗಾರಿ ಹೊರಗಿನ ಕೋಣೆಯಿಂದ ನೋಡುತ್ತಿದ್ದಳು. ಹಾಲು ಅಂಚಿಗೆ ಬಂತು. ಕೊಕ್ಕರೆಯ ಕುತ್ತಿಗೆ ಮುಂದಕ್ಕೆ ಚಾಚಿತು. ಬಾಯಿ ತೆರೆಯಿತು.

"ಅಜ್ಜಿ, ಬೇಜಾರು ಮಾಡ್ಕೋಬೇಡಿ, ಒಂದ್ನಿಮಿಷ..."

ಹಾಲು ಚುಸ್ಸೆಂದು ಒಲೆಯ ಮೇಲೆಲ್ಲ ಹರಿಯಿತು.

ಅತ್ತೆ ಒಲೆ ಆರಿಸಿ, ಫೋನಿನಲ್ಲಿದ್ದ ತಂಗಿಯನ್ನು ಕಳಿಸಿ, ಸೊಂಟಕ್ಕೆ ಕೈಯಿಟ್ಟು ಆ ಎತ್ತರದ ಹುಡುಗಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ನೋಡ್ತಾ ನಿಂತಿದ್ಯಲ್ಲೇ ತಾಯಿ?"

"ನೀವು ಮಾತಾಡ್ತಿದ್ರಿ ಅಜ್ಜಿ. ದೊಡ್ಡೋರು ಮಾತಾಡುವಾಗ ನಡುವೆ..."

"ನಿನ್ನ ಮರ್ಯಾದೆ ನೋಡಿ ಹಾಲು ನಿಲ್ಲುತ್ತಾ?"

ಹೊರಗಿನ ಕೋಣೆಯಲ್ಲಿ ನಗಾರಿಯ ಭುಜ ಕುಲುಕುತ್ತಿತ್ತು. ಸದ್ದು ಮಾಡದೆ ನಗುವುದನ್ನು ಅವಳು ಆ ವಾರಗಳಲ್ಲಿ ಕಲಿತಿದ್ದಳು. ನಗು ನಿಂತ ಮೇಲೆ ಎದ್ದು ಬಂದು ಅಡುಗೆಮನೆಯನ್ನು ಒಮ್ಮೆ ನೋಡಿದಳು. ಒಲೆ, ಒಲೆಗೆ ಬೆನ್ನು ಹಾಕಿದ ಹೆಂಗಸು, ಎಲ್ಲವನ್ನೂ ಕಾಣುವ ಬಾಗಿಲು. ಅಂಗಳದಲ್ಲಿರುವುದೂ ಇಷ್ಟೇ. ಅವಳು ಅತ್ತೆಯ ಕಿವಿಯ ಹತ್ತಿರ ಬಾಗಿ ತನ್ನ ಸಣ್ಣ ದನಿಯಲ್ಲಿ ಹೇಳಿದಳು. ಕೇಳುತ್ತ ಕೇಳುತ್ತ ಅತ್ತೆಯ ಮುಖ ಅರಳಿತು.

"ಹಾಲು ನಂದು, ಒಲೆ ನಂದು" ಎಂದರು ಕೊಕ್ಕರೆಗೆ. "ನೀನು ಬಾಯಿ ಮಾತ್ರ ತಾ. ನಾಳೆ ಇದೇ ಹೊತ್ತಿಗೆ."

ಅಲ್ಲಿಂದ ಪ್ರತಿ ಸಂಜೆ ತರಬೇತಿ. ಅತ್ತೆ ಒಲೆಗೆ ಬೆನ್ನು ಹಾಕಿ ತಮ್ಮ ಪಾಡಿಗೆ ಮಾತಾಡುತ್ತಿರುವುದು. ನಗಾರಿ ಹೇಳದೆ ಕೇಳದೆ ಉರಿ ಏರಿಸುವುದು. ಬಾಗಿಲಲ್ಲಿ ಕೊಕ್ಕರೆ. ಪುಟ್ಟಿ ಮೇಜಿನ ಕೆಳಗೆ ಕೂತು ಅಂಪೈರ್. ಮೊದಲ ಎರಡು ದಿನ ಒಲೆ ಒರೆಸಿದ್ದೇ ಒರೆಸಿದ್ದು. ಕೊಕ್ಕರೆ "ಅಜ್ಜಿ, ಹಾಲು" ಎನ್ನುತ್ತಿದ್ದಳು ನಿಜ, ಕಾಫಿಗೆ ಹಾಲು ಬೇಕೆ ಎಂದು ಕೇಳಿದ ಹಾಗೆ. ಅತ್ತೆ ತಿರುಗುತ್ತಿರಲಿಲ್ಲ. "ಏನೋ ಗುಂಯ್ ಅಂತು. ಸೊಳ್ಳೆ ಇರ್ಬೇಕು."

ನಗಾರಿ ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ಹೊಟ್ಟೆಯ ಮೇಲೆ ಅಂಗೈ ಒತ್ತಿ ತೋರಿಸಿದಳು. "ಇಲ್ಲಿಂದ ಕೂಗು. ಗಂಟಲಿಂದ ಬೇಡ. ನನಗೆ ಯಾರೂ ಹೇಳಿಕೊಡಲಿಲ್ಲ, ಅದಕ್ಕೇ ಹೀಗಾಯ್ತು."

"ಅಕ್ಕಾ, ನಿಮ್ಮನ್ನೆಲ್ಲ ಗದರಿಸಿದ ಹಾಗಾಗುತ್ತಲ್ಲ."

"ಗದರಿಸು."

"ಮೆಣಸಕ್ಕಂಗೂನಾ?"

"ಅವಳಿಗೆ ಮೊದಲು. ಮೊನ್ನೆ ನಾಲ್ಕು ಹೊಲಿಗೆ ಬಿತ್ತಲ್ಲ, ಆಗ ಬಲಗಡೆ ಕಂಬ ಬಂದಿದ್ದು ಬೆಂಚಲ್ಲಿ ಕೂತಿದ್ದ ನಿನಗೂ ಕಂಡಿತ್ತಾ ಇಲ್ವಾ?"

ಕೊಕ್ಕರೆ ತಲೆ ತಗ್ಗಿಸಿದಳು. "ಕಂಡಿತ್ತು" ಎಂದಳು.

ನಗಾರಿ ಅವಳ ಬೆನ್ನು ಸವರಿ ಒಳಗೆ ಬಂದು, ಮಾತಾಡುತ್ತಲೇ ಇದ್ದ ಅತ್ತೆಯ ಹಿಂದಿನಿಂದ ಉರಿ ಏರಿಸಿದಳು. ಹಾಲಿನ ಕೆನೆ ಉಬ್ಬಿತು. ಬಾಗಿಲಿನಿಂದ ಒಂದು ದನಿ ಬಂತು.

"ಹಾಲು!"

ಅತ್ತೆಯ ಕೈಯ ಚಾಕು ಸಿಂಕಿಗೆ ಹಾರಿತು. ಪುಟ್ಟಿ ಮೇಜಿಗೆ ತಲೆ ಬಡಿಸಿಕೊಂಡಳು. ಕೆಳಗಿನ ಮನೆಯ ಹೆಂಗಸು ತನ್ನ ಒಲೆ ಆರಿಸಿದಳೆಂದು ಮರುದಿನ ಮೆಟ್ಟಿಲಲ್ಲಿ ಗೊತ್ತಾಯಿತು. ಒಂದು ಹನಿಯೂ ಚೆಲ್ಲಿರಲಿಲ್ಲ. ಕೊಕ್ಕರೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಏನನ್ನೋ ಒಡೆದುಹಾಕಿದವಳ ಹಾಗೆ.

ಕೊನೆಯ ಪಂದ್ಯ ಒಂದು ಭಾನುವಾರ ಮಧ್ಯಾಹ್ನ. ಎದುರಿಗೆ ಬಂದದ್ದು ಪಟ್ಟಿಯಲ್ಲಿ ಇವರ ಜೊತೆಗೇ ತಳದಲ್ಲಿದ್ದ ತಂಡ. ಸೋತವರು ಕೆಳಗಿನ ದರ್ಜೆಗೆ. ಅತ್ತೆ, ಗಂಡ, ಪುಟ್ಟಿ ಮೂವರೂ ಮೂರನೇ ಸಾಲಿನಲ್ಲಿದ್ದರು. ಎದುರಿನ ತಂಡದಲ್ಲಿ ಯಾವ ಕೈಯಿಂದಲೂ ಸಲೀಸಾಗಿ ಚೆಂಡಾಡಿಸಬಲ್ಲ ಎಡಗೈಯವಳೊಬ್ಬಳಿದ್ದಳು. ಆ ವರ್ಷ ಲೀಗಿನಲ್ಲೇ ಹೆಚ್ಚು ಅಂಕ ಗಳಿಸಿದವಳು. ಅವಳನ್ನು ತಡೆಯುವುದು ನಗಾರಿಯ ಪಾಲು.

ಮೊದಲರ್ಧದಲ್ಲಿ ಕೊಕ್ಕರೆ ಕೂಗಿದಳು. ಮೊದಲು ಸಣ್ಣಗೆ, ಆಮೇಲೆ ಎಲ್ಲರಿಗೂ ಕೇಳುವಷ್ಟು. ಮೆಣಸು ಆ ದನಿಗೆ ಮೈ ವಾಲಿಸಿ ಎರಡು ಸಲ ಕಂಬ ತಪ್ಪಿಸಿದಳು. ಎಡವಟ್ಟಾದದ್ದು ಯಾರೂ ಎಣಿಸದ ಕಡೆ. ನಗಾರಿ ತಿರುಗಿ ನೋಡುತ್ತಿದ್ದಳು. ಇಷ್ಟು ವರ್ಷ ಅವಳ ಬೆನ್ನಿಗಿದ್ದದ್ದು ಬುಟ್ಟಿಯ ಕಂಬ ಮತ್ತು ಗೋಡೆ ಮಾತ್ರ. ಈಗ ಅಂಗಳದ ಅರ್ಧ ಭಾಗ ಬೆನ್ನ ಹಿಂದಿತ್ತು, ಬೆನ್ನು ತಣ್ಣಗಾಗುತ್ತಿತ್ತು. ಪ್ರತಿ ಸಲ "ಎಡ ಕಂಬ" ಎಂದು ಕೇಳಿದಾಗ ಹೌದೇ ಎಂದು ಒಂದು ಕ್ಷಣ ಕತ್ತು ತಿರುಗುತ್ತಿತ್ತು. ಎಡಗೈಯವಳು ಅದನ್ನು ಬೇಗ ಕಂಡುಕೊಂಡಳು. ಕತ್ತು ತಿರುಗಿದಾಗಲೆಲ್ಲ ಅವಳು ಪಾರಾಗುತ್ತಿದ್ದಳು. ಒಮ್ಮೆಯಂತೂ ಅವಳು ದಾಟಿ ಹೋದಾಗ ಕೂಗು ನಗಾರಿಯ ಎದೆಯಿಂದೆದ್ದು ಹಲ್ಲಿನವರೆಗೆ ಬಂತು, ಬಾಯಿ ತೆರೆಯಿತು. ಅವಳು ಹಲ್ಲಿನ ರಕ್ಷಣೆಗೆ ಹಾಕಿದ್ದ ಗಾರ್ಡನ್ನು ಕಚ್ಚಿ ಹಿಡಿದಳು. ಚೆಂಡು ಬುಟ್ಟಿಗೆ ಬಿತ್ತು. ಮೂರನೇ ಸಾಲಿನಲ್ಲಿ ಪುಟ್ಟಿ ಕುರ್ಚಿಯ ಮೇಲೆ ನಿಂತು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಿದ್ದಳು.

ವಿರಾಮದಲ್ಲಿ ತಂಡ ಹಿಂದಿತ್ತು. ಕೋಚ್ ಹಲಗೆ ಮುಟ್ಟಲಿಲ್ಲ. "ನಗಾರಿ, ನಿನ್ನ ಕಣ್ಣು ಎಲ್ಲಿದೆ?" ಎಂದು ಮಾತ್ರ ಕೇಳಿದರು.

ಉತ್ತರ ಕೊಟ್ಟದ್ದು ಮೆಣಸು. ಗಲ್ಲದ ಪಟ್ಟಿಯನ್ನು ಒತ್ತಿಕೊಳ್ಳುತ್ತ, ಜೋರೂ ಮಾಡದೆ, ಸಿಟ್ಟೂ ಮಾಡದೆ ಹೇಳಿದಳು: "ಅಕ್ಕ, ಇಷ್ಟು ವರ್ಷ ನಾವು ಒಂದ್ಸಲನಾದ್ರೂ ತಿರುಗಿ ನೋಡಿದ್ವಾ?"

ನಗಾರಿ ಕೊಕ್ಕರೆಯ ಕಡೆ ನೋಡಿದಳು. ಕೊಕ್ಕರೆ ನೆಲ ನೋಡುತ್ತಿದ್ದಳು. ನಗಾರಿ ಅನುಮಾನ ಪಟ್ಟದ್ದು ತನ್ನ ಮೇಲೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು, ಹೇಳುವವಳಾಗಿರಲಿಲ್ಲ ಅಷ್ಟೇ. ನಗಾರಿ ಎದ್ದು ಹೋಗಿ ತನ್ನ ನೀರಿನ ಬಾಟಲಿಯನ್ನು ಅವಳ ಕೈಗೆ ಕೊಟ್ಟಳು. "ಇನ್ನು ನೋಡಲ್ಲ" ಎಂದಳು.

ನೋಡಲಿಲ್ಲ. ಅದು ಹೇಳಿದಷ್ಟು ಸುಲಭವಿರಲಿಲ್ಲ. ಹಿಂದಿನಿಂದ "ಬಲ ಕಂಬ" ಎಂದು ಬಂದಾಗ ಕತ್ತಿನ ನರ ಸೆಳೆಯುತ್ತಿತ್ತು. ಅವಳು ಎಡಗೈಯವಳ ಸೊಂಟದ ಮೇಲಿನ ನಂಬರಿಗೆ ಕಣ್ಣು ಕೀಲಿಸಿ, ದನಿ ಹೇಳಿದ ಕಡೆಯ ಭುಜವನ್ನು ಒಳಗೆಳೆದು ಜಾರುತ್ತಿದ್ದಳು. ಕಂಬದ ಅಂಗಿ ಅವಳ ಅಂಗಿಗೆ ಸವರಿ ಹಿಂದೆ ಉಳಿಯುತ್ತಿತ್ತು. ಎದುರಿನವರಿಗೆ ಹಾದಿ ಸಿಗುತ್ತಿರಲಿಲ್ಲ. ದೂರದಿಂದ ಎಸೆಯತೊಡಗಿದರು, ತಪ್ಪತೊಡಗಿದರು. ಇವರೇನೂ ಹೆಚ್ಚು ಗಳಿಸಲಿಲ್ಲ, ಎಂದಿನಂತೆ ಕಷ್ಟಪಟ್ಟು ಒಂದೊಂದೇ ಬುಟ್ಟಿ. ಆದರೆ ಅಂತರ ಕರಗಿತು. ಆಟ ಮುಗಿಯಲು ಇಪ್ಪತ್ತು ಸೆಕೆಂಡಿದ್ದಾಗ ಮೆಣಸು ಹಾಕಿದ ಬುಟ್ಟಿಯಿಂದ ತಂಡ ಒಂದು ಅಂಕ ಮುಂದಾಯಿತು.

ಚೆಂಡು ಎದುರಿನವರ ಕೈಗೆ ಬಂತು. ಎಡಗೈಯವಳು ಅವಸರ ಮಾಡಲಿಲ್ಲ. ಗಡಿಯಾರ ಇಳಿಯಲು ಬಿಟ್ಟು, ಚೆಂಡನ್ನು ನೆಲಕ್ಕೆ ಬಡಿಯುತ್ತ ನಿಂತಳು. ಇಡೀ ಹಾಲ್ ಎದ್ದು ನಿಂತು ಕಿರುಚುತ್ತಿತ್ತು. ಆ ಗದ್ದಲದಲ್ಲಿ ಯಾವ ದನಿಯೂ ಕೇಳುವಂತಿರಲಿಲ್ಲ. ನಗಾರಿ ಎರಡೂ ಕೈ ಅಗಲಿಸಿ, ಆ ನಂಬರನ್ನೇ ನೋಡುತ್ತ ಕಾದಳು. ಎಡಗೈಯವಳ ಕಣ್ಣು ಅರೆಗಳಿಗೆ ನಗಾರಿಯ ಭುಜದ ಹಿಂದಕ್ಕೆ ಹೋಗಿ ಬಂತು. ಹಿಂದೆ ಯಾರೋ ಬರುತ್ತಿದ್ದಾರೆ. ಯಾವ ಕಡೆ? ಕತ್ತು ತಿರುಗಿದರೆ ಮುಗಿಯಿತು. ತಿರುಗದಿದ್ದರೆ, ಆ ಹುಡುಗಿ ಬಾಯಿ ತೆರೆದು ಹಾಗೇ ನಿಂತಿದ್ದರೆ?

"ಅಕ್ಕಾ, ಬಲಗಡೆ ಹಾಲು!"

ಅಡುಗೆಮನೆಯಲ್ಲಿ ಕಲಿತದ್ದು ಅಡುಗೆಮನೆಯ ಮಾತಿನಲ್ಲೇ ಹೊರಬಂದಿತ್ತು. ಎಡಗೈಯವಳು ಒಂದು ಕ್ಷಣ ಏನೆಂದು ತಿಳಿಯದೆ ಹುಬ್ಬೇರಿಸಿದಳು. ನಗಾರಿಗೆ ತಿಳಿಯಿತು. ಬಲ ಭುಜ ಒಳಗೆ ಎಳೆದು, ಕಾಣದ ಕಂಬವನ್ನು ಅಡ್ಡ ಮೈಯಲ್ಲಿ ಸವರಿಕೊಂಡು ಜಾರಿ, ಎಡಗೈಯವಳು ಹಾರಿದಾಗ ಅವಳ ಎದುರಿಗೇ ಹಾರಿದಳು. ಚೆಂಡನ್ನು ಮುಟ್ಟಲಿಲ್ಲ. ಬೆರಳುಗಳು ಕಣ್ಣಿಗೆ ಅಡ್ಡ ಬಂದದ್ದೇ ಸಾಕಾಯಿತು. ಚೆಂಡು ಬುಟ್ಟಿಯ ಕಬ್ಬಿಣದ ಬಳೆಯ ಅಂಚಿಗೆ ಬಡಿದು ಮೇಲೆದ್ದಿತು. ಕೊಕ್ಕರೆಯ ಉದ್ದ ಕೈಗಳು ಅದನ್ನು ಗಾಳಿಯಲ್ಲೇ ತಬ್ಬಿ ಹಿಡಿದವು. ಗಡಿಯಾರ ಕೂಗಿತು.

ಮರುದಿನದ ಪತ್ರಿಕೆ ಮೆಣಸಿನ ಬುಟ್ಟಿಯಿಂದ ಗೆಲುವು ಎಂದು ಬರೆಯಿತು. ಅದೂ ಸುಳ್ಳಲ್ಲ.

ಅಂಗಳದಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಿದ್ದಾಗ ಕೊಕ್ಕರೆ ಮಾತ್ರ ಚೆಂಡನ್ನು ಅಪ್ಪಿಕೊಂಡೇ ನಗಾರಿಯ ಬಳಿ ಬಂದಳು. "ಅಕ್ಕಾ, ಕ್ಷಮಿಸಿ. ಅಷ್ಟು ಜನರ ಮುಂದೆ ನಿಮ್ಮ ಮೇಲೆ ಕಿರುಚಿಬಿಟ್ಟೆ" ಎಂದಳು. ದನಿ ಒಡೆದಿತ್ತು.

ನಗಾರಿ ಅವಳ ಹೊಟ್ಟೆಯ ಮೇಲೆ ಅಂಗೈ ಒತ್ತಿದಳು. "ಕೊನೇದು ಗಂಟಲಿಂದ ಬಂತು" ಎಂದಳು. "ಮನೆಗೆ ಹೋಗಿ ಬಿಸಿನೀರು ಕುಡಿ. ನಾಳೆ ಬಾ, ಹೊಟ್ಟೆಯಿಂದ ಕೂಗೋದು ಇನ್ನೊಂದ್ಸಲ ಹೇಳಿಕೊಡ್ತೀನಿ."

ಹೊರಗೆ ಇನ್ನೂ ಬಿಸಿಲಿತ್ತು. ಕಾರಿನಲ್ಲಿ ಮುಂದೆ ಕೂತ ಅತ್ತೆ ಏನೋ ಹೇಳಲು ಹಿಂದೆ ತಿರುಗಿದರು. ತುಟಿ ಅಲುಗಿತು, ಸದ್ದು ಬರಲಿಲ್ಲ. ಎರಡು ಗಂಟೆ ಮೂರನೇ ಸಾಲಿನಲ್ಲಿ ನಿಂತು ಕಿರುಚಿದ್ದರ ಫಲ. ಗಾಬರಿಯಿಂದ ಗಂಟಲು ಹಿಡಿದುಕೊಂಡು ಪಿಸುಗುಡಲು ನೋಡಿದರು.

"ಪಿಸುಗುಟ್ಟಬಾರದು ಅತ್ತೆ" ಎಂದಳು ನಗಾರಿ. "ಅದು ಇನ್ನೂ ಕೆಟ್ಟದ್ದು."

ಗಂಡ ಗಾಡಿ ಹೊರಡಿಸುತ್ತ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ ನಕ್ಕ. "ಹಾಗಾದ್ರೆ ಇವತ್ತು ಮನೇಲಿ ನಂದೇ ಮಾತು." ಅತ್ತೆ ಅವನ ತೋಳಿಗೆ ಒಂದು ಕೊಟ್ಟರು.

ಪುಟ್ಟಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಅಪ್ಪನ ಹಳೆಯ ಫೋನು ಸೀಟಿನ ಮೇಲೆ ಬಿದ್ದಿತ್ತು, ಅವಳು ಅದನ್ನು ತೆಗೆದುಕೊಳ್ಳಲಿಲ್ಲ. "ಅಮ್ಮಾ, ನೀನು ಕೂಗಲಿಲ್ಲ ಅಲ್ವಾ?"

"ಇಲ್ಲ."

"ಬಾಯಿ ತೆರೆದಿದ್ದೆ. ನಾನು ನೋಡಿದೆ."

"ತೆರೆದಿದ್ದೆ. ಕೂಗಲಿಲ್ಲ."

ಪುಟ್ಟಿ ಅಮ್ಮನ ಕಡೆ ಮುಖ ತಿರುಗಿಸಿದಳು. "ಹಾಗಾದ್ರೆ ಈಗ ಹೇಳು. ಎಡ ಕಂಬ ಅನ್ನು."

ನಗಾರಿ ಬಾಗಿ, ಮಗಳ ಕಿವಿಯ ಹತ್ತಿರ, ತನಗಿದ್ದಷ್ಟೇ ದನಿಯಲ್ಲಿ ಹೇಳಿದಳು. ಎಡ ಕಂಬ. ಬದಲು. ಬಂದ್ಲು ಬಂದ್ಲು, ಕೈ ಎತ್ತು. ಮೊದಲ ತಿರುವು ದಾಟುವಷ್ಟರಲ್ಲಿ ಮಗು ನಿದ್ದೆ ಹೋಗಿತ್ತು. ನಗಾರಿ ಆದರೂ ಇನ್ನೊಂದಿಷ್ಟು ದೂರ ಹೇಳುತ್ತಲೇ ಇದ್ದಳು.